ಒಂದನೇ ನಂಬರಿಗೆ ಬಂದ ಬಾದಶಹ

ನನ್ನ ಜಾಗಕ್ಕೆ ಬಂದಿರುವ ಶಿಕ್ಷಕಿ ಹೋದ ವಾರ ಫೋನ್ ಮಾಡಿದ್ದರು. ಇನ್ನೂ ಚಿಕ್ಕವರು, ಮಸ್ಕತ್ತಿಗೆ ಬಂದು ಎರಡು ತಿಂಗಳಾಗಿದೆ. "ಮೇಡಂ, ಏಳನೇ ಕ್ಲಾಸಿಗೆ ಬರೋ ತಿಂಗಳು ಔರಂಗಜೇಬನ ಪಾಠ ಇದೆ. ಸ್ಟಾಫ್ ರೂಮಿನಲ್ಲಿ ಯಾರನ್ನ ಕೇಳಿದರೂ ನಗ್ತಾರೆ, ನಿಮ್ಮನ್ನೇ ಕೇಳು ಅಂತಾರೆ. ಅಂಥದ್ದೇನಿದೆ ಅದರಲ್ಲಿ?" ಎಂದರು. ನನಗೆ ಫೋನಿನಲ್ಲಿ ಉದ್ದವಾಗಿ ಮಾತನಾಡಲು ಆಗುವುದಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕುಳಿತ ಮೇಲೆ, ಇದು ಅವರೊಬ್ಬರಿಗೇ ಬೇಕಾದ ಸಂಗತಿಯಲ್ಲ ಅನ್ನಿಸಿತು.

ನಾನು ಹನ್ನೆರಡು ವರ್ಷ ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಇತಿಹಾಸ ಕಲಿಸಿದೆ. ಹೋದ ಮಾರ್ಚಿನಲ್ಲಿ ಬಿಟ್ಟೆ. ಮೂವತ್ತೇಳರ ಹೆಂಗಸು ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಸ್ವರತಂತುವಿನ ಮೇಲೆ ಗಂಟುಗಳಾಗಿವೆ, ತರಗತಿಯಲ್ಲಿ ಮಾತನಾಡುವಂತಿಲ್ಲ ಎಂದು ವೈದ್ಯರು ಹೇಳಿದರು. ಆ ಬಗ್ಗೆ ಇಷ್ಟು ಸಾಕು. ನನಗೆ ಸಿಕ್ಕ ಬಡ್ತಿ, ಪ್ರಮಾಣಪತ್ರಗಳ ಸಂಗತಿಯೂ ಇಲ್ಲಿ ಬೇಡ. ಅವುಗಳಿಂದ ಯಾರೂ ಏನೂ ಕಲಿಯುವುದಿಲ್ಲ. ತಪ್ಪುಗಳಿಂದ ಕಲಿಯಬಹುದು. ನನ್ನ ದೊಡ್ಡ ತಪ್ಪು ಔರಂಗಜೇಬನ ಪಾಠದಲ್ಲೇ ಆಯಿತು. ಒಂದು ಹುಡುಗಿ ಶಾಲೆ ಬಿಟ್ಟು ಊರಿಗೆ ಹೋಗುವುದರಲ್ಲಿದ್ದಳು.

ನಾನು ವಿಜಯಪುರದವಳು. ಎಂ.ಎ. ಮಾಡಿದ್ದು ಧಾರವಾಡದಲ್ಲಿ. ವಿಜಯಪುರದಲ್ಲಿ ಹುಟ್ಟಿದವರಿಗೆ ಈ ಬಾದಶಹ ಪುಸ್ತಕದಿಂದ ಬರುವುದಿಲ್ಲ. ನಮ್ಮ ಆದಿಲಶಾಹಿಯನ್ನು ಮುಗಿಸಿದವನು ಅವನು. ಶಾಲೆಯ ಪ್ರವಾಸಕ್ಕೆಂದು ಜಾಮಿಯಾ ಮಸೀದಿಗೆ ಕರೆದೊಯ್ದಾಗ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಎಳೆದ ನಮಾಜಿನ ಚೌಕಗಳನ್ನು ತೋರಿಸಿ, "ಇವನ್ನ ಔರಂಗಜೇಬ ಹಾಕಿಸಿದ, ಇಲ್ಲಿದ್ದ ಮಖಮಲ್ಲಿನ ಹಾಸುಗಳನ್ನ ಅವನೇ ಹೊತ್ತೊಯ್ದ" ಎಂದು ಗೈಡು ಹೇಳುತ್ತಿದ್ದ. ಆಗ ನನಗೆ ಹತ್ತು ವರ್ಷ. ಹಾಸು ಹೊತ್ತೊಯ್ದವನ ಮೇಲೆ ಬಂದ ಸಿಟ್ಟು ಎಂ.ಎ. ಆದರೂ ಇಳಿದಿರಲಿಲ್ಲ. ಅದೇ ಸಿಟ್ಟನ್ನು ಹೊತ್ತು ಮೊದಲ ವರ್ಷ ತರಗತಿಗೆ ಹೋದೆ. ನಲವತ್ತು ನಿಮಿಷ ಒಂದೇ ಉಸಿರಿನಲ್ಲಿ ಪಾಠ ಮಾಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇತಿಹಾಸದ ಪಾಠಕ್ಕೆ ಮಕ್ಕಳು ಚಪ್ಪಾಳೆ ತಟ್ಟಿದರೆ ಶಿಕ್ಷಕಿ ಮನೆಗೆ ಹೋಗಿ ಪುಸ್ತಕ ತೆರೆಯಬೇಕು. ಆಗ ಅದು ನನಗೆ ತಿಳಿದಿರಲಿಲ್ಲ.

ತಿಳಿಸಿದವರು ಒಬ್ಬ ತಂದೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರದಿಂದ ಶಾಲೆ. ನಮ್ಮಲ್ಲಿ ಪ್ರತಿ ಪರೀಕ್ಷೆಯ ನಂತರ ಒಂದು ಶನಿವಾರ ಓಪನ್ ಹೌಸ್ ಇರುತ್ತದೆ. ತಂದೆತಾಯಿ ಬಂದು ಮಕ್ಕಳ ಉತ್ತರಪತ್ರಿಕೆ ನೋಡುತ್ತಾರೆ. ನೋಡುತ್ತಾರೆ ಎನ್ನುವುದಕ್ಕಿಂತ ಜಪ್ತಿ ಮಾಡುತ್ತಾರೆ ಎನ್ನಬೇಕು. ಉತ್ತರಕ್ಕೆ ನಾವು ಮೊದಲೇ ಅಂಶಗಳನ್ನು ಗೊತ್ತುಮಾಡಿ ಕೀ ತಯಾರಿಸುತ್ತೇವೆ. ಒಂದು ಅಂಶಕ್ಕೆ ಅರ್ಧ ಅಂಕ. ಕುಂದಾಪುರದ ಕಡೆಯ ಆ ತಂದೆ ಮಗನ ಹಾಳೆಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಅಲ್ಲ ಟೀಚರ್, ಇವ, ಔರಂಗಜೇಬ ಸರಳವಾಗಿ ಬದುಕಿದ, ಸಮಾಧಿಗೆ ಗುಮ್ಮಟ ಸಹ ಬೇಡ ಅಂದ ಅಂತ ಬರ್ದಿದ್ದಾನಲ್ಲ. ಅರ್ಧ ಮಾರ್ಕು ಎಲ್ಲಿ ಹೋಯ್ತು?"

"ಕೀಯಲ್ಲಿ ಆ ಅಂಶ ಇಲ್ರೀ."

"ಕೀ ಮಾಡಿದ್ದು ಯಾರು?"

"ನಾನೇ."

"ಹಾಗಾದ್ರೆ ಬೀಗವೂ ನಿಮ್ಮದೇ, ಕೀಲಿಕೈಯೂ ನಿಮ್ಮದೇ. ನಮ್ಮ ಹುಡುಗ ಹೊರಗೆ ನಿಲ್ಬೇಕು ಅಲ್ವಾ?"

ಸುತ್ತ ಕುಳಿತವರು ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದು ಪುಸ್ತಕ ತೆರೆದೆ. ಹುಡುಗ ಬರೆದದ್ದು ಸರಿ. ತಾಜಮಹಲು ಕಟ್ಟಿಸಿದವನ ಮಗ ಖುಲ್ದಾಬಾದಿನಲ್ಲಿ ಬಯಲು ಮಣ್ಣಿನ ಕೆಳಗೆ ಮಲಗಿದ್ದಾನೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೀಯಲ್ಲಿ ಹಾಕಿರಲಿಲ್ಲ. ಮರುದಿನ ಹೋಗಿ ಅರ್ಧ ಅಂಕ ಕೊಟ್ಟೆ. ಅದರ ಮರುದಿನ ಇನ್ನೊಬ್ಬ ತಂದೆ ಬಂದು, ಅಂಥವನನ್ನು ಹೊಗಳಿದ್ದಕ್ಕೆ ಅಂಕ ಏಕೆ ಕೊಟ್ಟಿರಿ ಎಂದು ಜಗಳ ತೆಗೆದರು.

ನಮ್ಮ ವಿಭಾಗದ ಮುಖ್ಯಸ್ಥೆ ವಾರಿಜಾ ಮೇಡಂ ಕಾಪುವಿನವರು, ಮನೆಮಾತು ತುಳು. ಕೆಲಸ ಕಲಿಸಿದವರು ಅವರೇ. ನೋಟ್ ಪುಸ್ತಕದ ಅಂಚು, ದಿನಾಂಕ, ಪರಿವಿಡಿ, ಕೆಂಪು ಸಹಿ ಇವುಗಳಲ್ಲಿ ಒಂದು ತಪ್ಪಿದರೂ ಮೂವತ್ತೆಂಟು ಪುಸ್ತಕಗಳನ್ನು ವಾಪಸು ಕಳಿಸುತ್ತಿದ್ದರು. ಎರಡೂ ಜಗಳಗಳನ್ನು ಕೇಳಿ ಅವರು ಹೇಳಿದ್ದು ಇಷ್ಟು: "ನೋಡಿ, ರಾಜರೆಲ್ಲ ಸತ್ತಿದ್ದಾರೆ. ಪೇರೆಂಟ್ಸ್ ಬದುಕಿದ್ದಾರೆ. ಇದನ್ನೊಂದು ನೆನಪಿಟ್ಕೊಳ್ಳಿ ಮಾರಾಯ್ತಿ, ನಿಮ್ಮ ಸರ್ವೀಸು ಸುಖವಾಗಿ ಕಳೀತದೆ."

ಅವರ ದಾರಿ ಸರಳವಾಗಿತ್ತು. ಕಷ್ಟದ ಪಾಠಕ್ಕೆ ಐದು ಪ್ರಶ್ನೆ, ಐದು ಉತ್ತರ, ಒಂದು ಹಾಳೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಯಾರೂ ಜಗಳಕ್ಕೆ ಬರುವುದಿಲ್ಲ. ಐದಾರು ವರ್ಷ ನಾನೂ ಹಾಗೆಯೇ ಮಾಡಿದೆ. ಹುಟ್ಟಿದ್ದು, ಪಟ್ಟ, ಯುದ್ಧ, ಜಿಜಿಯಾ ತೆರಿಗೆ, ಮರಣ. ಐವತ್ತು ವರ್ಷ ಆಳಿದವನು ಒಂದು ಹಾಳೆಯ ಒಂದು ಮಗ್ಗುಲಿಗೆ ಮುಗಿಯುತ್ತಿದ್ದ. ವರ್ಷದಿಂದ ವರ್ಷಕ್ಕೆ ಪಠ್ಯಪುಸ್ತಕವೂ ತೆಳ್ಳಗಾಗುತ್ತಿತ್ತು. ಹಾಳೆಯ ಅರ್ಧ ಸಾಕು ಎನ್ನುವಂತಾಯಿತು.

ಬದಲಾಯಿಸಿದ್ದು ಲಾಕ್‌ಡೌನಿನ ಕಾಲ. ಪರದೆಯ ಮೇಲೆ ಮೂವತ್ತೆಂಟು ಕಪ್ಪು ಚೌಕ, ಅವುಗಳಲ್ಲಿ ಹೆಸರು. ಯಾರ ಮನೆಯದೋ ಮಿಕ್ಸರ್ ಸದ್ದು. ಬಾಯಿ ಬಿಡದ ಮಕ್ಕಳು ಚಾಟ್‌ನಲ್ಲಿ ಬರೆಯತೊಡಗಿದರು. "ಅವನು ಅಪ್ಪನನ್ನು ಕೂಡಿಹಾಕಿದಾಗ ಅಕ್ಕ ಏನು ಮಾಡಿದಳು?" "ಸೈನ್ಯಕ್ಕೆ ಅಡುಗೆ ಯಾರು ಮಾಡುತ್ತಿದ್ದರು?" "ಆನೆಗಳಿಗೆ ನೀರು?" ಐದು ಪ್ರಶ್ನೆಗಳ ಹಾಳೆಯಲ್ಲಿ ಇವು ಯಾವುವೂ ಇರಲಿಲ್ಲ. ಮಕ್ಕಳಿಗೆ ಬಾದಶಹನಿಗಿಂತ ಅವನ ಸುತ್ತಲಿನವರು ಬೇಕಾಗಿದ್ದರು.

ಶಾಲೆ ಮತ್ತೆ ತೆರೆದ ಮೇಲೆ ನಾನು ಹೊಸ ರೀತಿ ಹಿಡಿದೆ. ಒಂದು ಪಟ್ಟಿ ಮಾಡಿದೆ. ಮೊದಲು ಔರಂಗಜೇಬ. ಆಮೇಲೆ ಆಗ್ರಾ ಕೋಟೆಯಲ್ಲಿ ಸೆರೆಯಾದ ತಂದೆ ಷಹಜಹಾನ್, ಅವನನ್ನು ಕೊನೆಯವರೆಗೆ ನೋಡಿಕೊಂಡ ಮಗಳು ಜಹಾನಾರಾ, ಕೊಲೆಯಾದ ಅಣ್ಣ ದಾರಾ. ಆಮೇಲೆ ಹೆಸರಿಲ್ಲದವರು: ದಂಡಿಗೆ ಧಾನ್ಯ ಹೊತ್ತ ಬಂಜಾರ, ಮಾವುತ, ಮರಾಠರ ಕೋಟೆಯ ಕಾವಲುಗಾರ, ಗುಡಿ ಕಳೆದುಕೊಂಡ ಪೂಜಾರಿ, ಮತ್ತೊಂದು ಗುಡಿಗೆ ಅದೇ ಬಾದಶಹನಿಂದ ಉಂಬಳಿಯ ಸನದು ಪಡೆದ ಪೂಜಾರಿ, ಬಿಜಾಪುರದ ಗೋಡೆಯ ಹೊರಗೆ ಹಸಿದ ಸಿಪಾಯಿ. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬರು. ಅವರು ಕಂಡದ್ದೇನು ಎಂದು ಓದಿ, ಬರೆದು, ತರಗತಿಯಲ್ಲಿ ನಿಂತು ಹೇಳಬೇಕು. ಯಾರಿಗೆ ಯಾರು ಎಂಬುದನ್ನು ರೋಲ್ ನಂಬರ್ ಪ್ರಕಾರ ಹಂಚಿದೆ.

ನಮ್ಮ ಶಾಲೆಗಳಲ್ಲಿ ಎಲ್ಲವೂ ರೋಲ್ ನಂಬರಿನ ಪ್ರಕಾರವೇ. ಸಾಲು, ಲಾಕರು, ಮೌಖಿಕ ಪರೀಕ್ಷೆ, ಬೋರ್ಡು ಒರೆಸುವ ಸರದಿ. ನಂಬರು ಬೀಳುವುದು ಹೆಸರಿನ ಅಕ್ಷರದ ಕ್ರಮದಲ್ಲಿ. ನಾನಾ ಊರಿನ, ನಾನಾ ಭಾಷೆಯ ಮಕ್ಕಳಿರುವಲ್ಲಿ ನಂಬರು ಹಿಡಿದರೆ ಪಕ್ಷಪಾತದ ಮಾತೇ ಇಲ್ಲ. ಎರಡು ವರ್ಷ ತೊಂದರೆಯಾಗಲಿಲ್ಲ. ಒಂದನೇ ನಂಬರಿಗೆ ಆದಿತ್ಯನೋ ಆದ್ಯಾಳೋ ಬಂದು ಬಾದಶಹರಾದರು, ಮಕ್ಕಳು ನಕ್ಕರು, ಪಾಠ ಮುಗಿಯಿತು. ಮೂರನೆಯ ವರ್ಷ ನನ್ನ ಸೆಕ್ಷನ್ನಿಗೆ ಅಂಥ ಹೆಸರಿನವರು ಬರಲಿಲ್ಲ. ಒಂದನೇ ನಂಬರು ಆಫ್ರೀನ್.

ಸಣ್ಣ ಕೈಬರಹದ, ಕೇಳಿದರೆ ಮಾತ್ರ ಉತ್ತರ ಹೇಳುವ ಹುಡುಗಿ. ತಂದೆ ದುಕ್ಮ್ ಬಂದರಿನಲ್ಲಿ ಕ್ರೇನ್ ತಂತ್ರಜ್ಞ. ಎರಡು ವಾರಕ್ಕೊಮ್ಮೆ ಗುರುವಾರ ಕಂಪನಿ ಬಸ್ಸಿನಲ್ಲಿ ಬಂದು ಶನಿವಾರ ಹೋಗುತ್ತಾರೆ ಎಂಬುದು ದಾಖಲೆಯಲ್ಲಿತ್ತು. ಪಟ್ಟಿ ಓದಿದಾಗ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅದನ್ನು ನಾನು ಸಂತೋಷ ಎಂದುಕೊಂಡೆ. ಮುಂದಿನ ಹೆಸರು ಓದಿದೆ.

ಮೊದಲೆರಡು ದಿನ "ಸಲಾಂ ಜಹಾಂಪನಾ" ಎಂದು ಎಲ್ಲರೂ ನಗುತ್ತಿದ್ದರು, ಅವಳೂ ನಕ್ಕಳು. ಆಮೇಲಿನದು ನನ್ನ ಕಣ್ಣೆದುರು ನಡೆಯಲಿಲ್ಲ, ಬಸ್ಸಿನಲ್ಲಿ ನಡೆಯಿತು. ನನಗೆ ತಿಳಿಸಿದವರು ಬಸ್ ಚಾಲಕ ಸಯೀದ್. ಸೂರ್ ಊರಿನ ಒಮಾನಿ. ನಮ್ಮ ಮಕ್ಕಳಿಂದಲೇ ಕಲಿತ ಹಿಂದಿ ಆಡುತ್ತಿದ್ದರು. ಒಂದು ಮಧ್ಯಾಹ್ನ ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು.

"ಟೀಚರ್, ವೋ ಛೋಟಿ ಬಚ್ಚಿ, ಆಫ್ರೀನ್. ಪೆಹಲೇ ಪೀಛೇ ಬೈಠ್ತಿ ಥೀ. ಅಬ್ ಮೇರೆ ಪಾಸ್, ಅಕೇಲಿ. ತೀನ್ ದಿನ್ ಸೇ ರೋತಿ ಹೈ. ಕ್ಯಾ ಹುವಾ?"

ಹಿಂದಿನ ಸೀಟು ಬಿಟ್ಟು ಒಂಟಿಯಾಗಿ ಮುಂದೆ ಕೂರುತ್ತಾಳೆ, ಮೂರು ದಿನದಿಂದ ಅಳುತ್ತಾಳೆ, ಏನಾಯಿತು ಎಂದು ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಮರುದಿನದಿಂದ ಆಫ್ರೀನ್ ಶಾಲೆಗೆ ಬರಲಿಲ್ಲ.

ಅದೇ ಬಸ್ಸಿನಲ್ಲಿ ಬರುವ ಪ್ರಣವನನ್ನು ಕರೆದು ಕೇಳಿದೆ. ಬೆಳಗಾವಿಯ ಹುಡುಗ, ಚುರುಕು, ಸುಳ್ಳು ಹೇಳುವವನಲ್ಲ. ಮಕ್ಕಳ ಮಾತು ಇಂಗ್ಲಿಷಿನಲ್ಲೇ ನಡೆಯುವುದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸುಮ್ಮನೆ ತಮಾಷೆ ಮ್ಯಾಮ್. ಅವಳಪ್ಪ ದುಕ್ಮ್‌ನಲ್ಲಿ ಇರ್ತಾರಲ್ಲ. ಅಪ್ಪನ್ನ ದುಕ್ಮ್ ಜೈಲಿಗೆ ಹಾಕಿದೀಯಾ ಅಂತ ಕೇಳಿದ್ವಿ."

"ಅಷ್ಟೇನಾ?"

ಅವನು ಬೂಟಿನ ತುದಿ ನೋಡಿದ. "ಆಮೇಲೆ ಯಾರೋ, ನಿನ್ನ ತಾತ ನಮ್ಮ ದೇವಸ್ಥಾನ ಒಡೆದ ಅಂದ್ರು."

"ಯಾರೋ?"

"ನಾನು ಒಂದ್ಸಲ. ಬೇರೆಯವರು ತುಂಬಾ ಸಲ."

ಬುಧವಾರ ಕಚೇರಿಯಿಂದ ಒಂದು ಫಾರ್ಮ್ ನನ್ನ ಮೇಜಿಗೆ ಬಂತು. ಆಫ್ರೀನಳ ಟಿ.ಸಿ. ಅರ್ಜಿ. ತಾಯಿ ಬಂದು ಕೊಟ್ಟುಹೋಗಿದ್ದರು: ಮಗಳನ್ನು ಕರೆದುಕೊಂಡು ಊರಿಗೆ ಹಿಂದಿರುಗುತ್ತಿದ್ದೇವೆ. ಅರ್ಧ ವರ್ಷದಲ್ಲಿ ಶಾಲೆ ಬಿಟ್ಟ ಮಗುವಿಗೆ ಊರಿನಲ್ಲಿ ಸೀಟು ಸಿಗುವುದೇ ಅನುಮಾನ. ತಂದೆ ಇಲ್ಲಿ ಒಬ್ಬರೇ ಉಳಿಯುತ್ತಾರೆ. ಟಿ.ಸಿ. ಹೊರಡಬೇಕಾದರೆ ಮೊದಲ ಸಹಿ ತರಗತಿ ಶಿಕ್ಷಕಿಯದು, ಅಂದರೆ ನನ್ನದು. ನಾನು ಫಾರ್ಮನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ವಾರಿಜಾ ಮೇಡಂಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

"ಎಂತ ಮಾಡಿದ್ದು ನೀವು? ಹಂಚುವ ಮೊದಲು ಪಟ್ಟಿ ಒಮ್ಮೆ ನೋಡ್ಬಾರ್ದಿತ್ತಾ?"

"ನಂಬರಿನ ಪ್ರಕಾರ ಹಂಚಿದೆ ಮೇಡಂ. ಎಲ್ಲರಿಗೂ ಒಂದೇ ನಿಯಮ."

"ನಿಯಮಕ್ಕೆ ಕಣ್ಣಿಲ್ಲ ಮಾರಾಯ್ತಿ, ನಿಮಗೆ ಉಂಟಲ್ಲ? ಈಗ ಕೇಳಿ. ಆ ನಾಟಕ ಎಲ್ಲ ಬಂದ್. ಹಳೇ ಹಾಳೆ ಉಂಟಲ್ಲ, ಐದು ಪ್ರಶ್ನೆ, ಅದನ್ನು ಕೊಟ್ಟು ಮುಗಿಸಿಬಿಡಿ. ಪರೀಕ್ಷೆಗೆ ಎರಡೇ ಮಾರ್ಕು ಅವನು. ಆ ಫಾರ್ಮಿಗೆ ಸಹಿ ಹಾಕಿ ಕಳಿಸಿ. ಖಲಾಸ್."

"ಸಹಿ ಹಾಕಲ್ಲ."

"ಹಾಕಲ್ಲ ಅಂದ್ರೆ?"

"ಭಾನುವಾರದ ತನಕ ಹಾಕಲ್ಲ. ಅವಳು ಇವತ್ತು ಹೋದರೆ ಉಳಿದ ಮೂವತ್ತೇಳು ಮಕ್ಕಳು ಏನು ಕಲಿತ ಹಾಗಾಯ್ತು? ಒಬ್ಬಳಿಗೆ ಹೆಸರಿಟ್ಟು ಓಡಿಸಬಹುದು ಅಂತ. ನಾನು ಹಾಳೆ ಕೊಟ್ಟು ಸುಮ್ಮನಾದರೆ ಅದಕ್ಕೆ ಸೈ ಅಂದ ಹಾಗೆ."

ಅವರಿಗೆ ಅಷ್ಟು ಉದ್ದದ ಮಾತನ್ನು ನಾನು ಅದಕ್ಕೆ ಮೊದಲು ಹೇಳಿದ್ದಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಭಾನುವಾರ" ಎಂದರು, ಒಪ್ಪಿದರೋ ಎಚ್ಚರಿಸಿದರೋ ತಿಳಿಯದ ಹಾಗೆ.

ಹನ್ನೆರಡು ವರ್ಷಗಳಲ್ಲಿ ನಾನು ವಿದ್ಯಾರ್ಥಿಯೊಬ್ಬರ ಮನೆಗೆ ಹೋದದ್ದು ಅದೊಂದೇ ಸಲ. ಹೋಗುವುದು ನನ್ನ ಸ್ವಭಾವವಲ್ಲ, ಬರಗೊಡುವುದೂ ಅಲ್ಲ. ಅವರಿದ್ದದ್ದು ಅಲ್ ಖುವೈರಿನಲ್ಲಿ, ನಮ್ಮ ಕಟ್ಟಡದಿಂದ ಮೂರು ಬೀದಿ ಆಚೆ. ತಂದೆ ಗುರುವಾರ ದುಕ್ಮ್‌ನಿಂದ ಬಂದಿದ್ದರು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವಷ್ಟು ಹೊತ್ತು ಬಿಟ್ಟು ಹೋದೆ. ಬಾಗಿಲು ತೆಗೆದವರು ಅವರೇ, ದಸ್ತಗೀರ್. ಹಿಂದಿಯಲ್ಲಿ ಶುರುಮಾಡಿದರು. ನನ್ನ ಹಿಂದಿ ಎರಡನೆಯ ವಾಕ್ಯಕ್ಕೇ ಎಡವಿತು.

"ನೀವು ಯಾವ ಊರ ಕಡೆಯವರ್ರಿ?" ಎಂದು ಅವರು ಕನ್ನಡಕ್ಕೆ ಬಂದರು.

"ಬಿಜಾಪುರ."

"ಹೌದೇನ್ರೀ? ನಮ್ದೂ ಬಿಜಾಪುರನ ನೋಡ್ರಿ. ಕ್ವಾಟಿ ಗ್ವಾಡಿ ಹತ್ರನ ನಮ್ಮ ಹಳೀ ಮನಿ. ಕುಂದರ್ರಿ ಮೇಡಮ್ಮಾರ."

ಹಾಲಿಲ್ಲದ ಸುಲೈಮಾನಿ ಚಹಾ ಬಂತು. ತಟ್ಟೆಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ತಾಯಿ ಬಾಗಿಲಲ್ಲೇ ನಿಂತಿದ್ದರು. ಆಫ್ರೀನ್ ತಂದೆಯ ಪಕ್ಕದಲ್ಲಿ ಕುಳಿತು ಕುಶನ್ನಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಬರುವಾಗ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನು ಹೇಳಿದೆ. "ನಾನು ಹೆಸರು ನೋಡಿ ಹಂಚಲಿಲ್ರೀ. ನಂಬರು ನೋಡಿ ಹಂಚಿದೆ. ಭೇದ ಮಾಡಬಾರದು ಅಂತ."

ದಸ್ತಗೀರ್ ಚಹಾ ಆರಿಸಿದರು. "ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆದ್ರ ಒಂದ್ ಮಾತ್ ಹೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಕ್ರೇನ್ ಮ್ಯಾಲ ಕುಂತಂವ ತೂಕದ ನಂಬರ್ ಅಷ್ಟ ನೋಡಿದ್ರ ಸಾಲೂದಿಲ್ಲ. ಕೆಳಗ ಯಾರ್ ನಿಂತಾರ ಅಂತನೂ ನೋಡ್ಬೇಕು. ನೋಡದ ಎತ್ತಿದ್ರಿ. ಅಷ್ಟ ತಪ್ಪು."

ಅವರು ಮುಂದುವರಿಸಿದರು. "ಇನ್ನೊಂದ್ ಮಜಾ ಕೇಳ್ರಿ. ಆ ಹುಡುಗ್ರು ಇಕಿಗೆ ನಿಮ್ಮ ತಾತ ಔರಂಗಜೇಬ ಅಂದ್ರಂತ. ನಮ್ಮ ಮನ್ಯಾಗ ಹಿರ್ಯಾರು ಹೇಳ್ತಿದ್ರು, ನಮ್ಮವ್ರು ಆದಿಲಶಾಹಿ ತೋಪಖಾನಿಗೆ ನೀರ್ ಹೊರವ್ರು. ಅವಾ ಬಂದು ಊರ್ ಮುತ್ತಿಗಿ ಹಾಕಿದಾಗ ನಮ್ಮ ಮುತ್ತ್ಯಾನ ಮುತ್ತ್ಯಾ ಕ್ವಾಟಿ ಒಳಗಿದ್ದ. ಔರಂಗಜೇಬ ಹೊರಗಿದ್ದ. ಒಳಗ ಅನ್ನ ಇಲ್ದ ಸತ್ತವ್ರು ನಮ್ಮವ್ರು. ಈಗ ಅಂವನ ಹೆಸರು ನನ್ನ ಮಗಳ ಹಣಿಗೆ! ನಗಬೇಕೋ ಅಳಬೇಕೋ ನೀವ ಹೇಳ್ರಿ."

ವಿಜಯಪುರದವಳಾಗಿ, ಎಂ.ಎ. ಮಾಡಿ, ಇಷ್ಟು ವರ್ಷ ಪಾಠ ಹೇಳಿ ನಾನು ಇದನ್ನು ಯೋಚಿಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಗೋಡೆಯ ಹೊರಗಿನ ಹಸಿದ ಸಿಪಾಯಿ ಇದ್ದ. ಗೋಡೆಯ ಒಳಗಿನವರು ಒಬ್ಬರೂ ಇರಲಿಲ್ಲ. ನನ್ನದೇ ಊರನ್ನು ನಾನು ಮುತ್ತಿಗೆ ಹಾಕಿದವನ ಡೇರೆಯಿಂದ ನೋಡಿದ್ದೆ.

"ಭಾನುವಾರ ಒಂದು ದಿನ ಕಳಿಸ್ರಿ. ಅವಳು ಬಾದಶಹ ಆಗೋದು ಬೇಡ. ಆಮೇಲೂ ಬೇಡ ಅನ್ನಿಸಿದರೆ ನಾನೇ ಸಹಿ ಮಾಡಿ ಕೊಡ್ತೀನಿ" ಎಂದೆ.

"ಆಕಿ ಹ್ಞೂಂ ಅಂದ್ರ ನನ್ದೇನಿಲ್ಲ."

ಆಫ್ರೀನ್ ಮೊದಲ ಬಾರಿ ಬಾಯಿ ಬಿಟ್ಟಳು, ಇಂಗ್ಲಿಷಿನಲ್ಲಿ. "ಹಾಗಾದರೆ ಬಾದಶಹ ಯಾರು?"

"ನಾನು."

"ಯಾರು ಏನು ಬೇಕಾದರೂ ಕೇಳಬಹುದಾ?"

"ಕೇಳಬಹುದು. ದಾಖಲೆ ಇದ್ದದ್ದಕ್ಕೆ ಉತ್ತರ ಹೇಳ್ತೀನಿ. ಇಲ್ಲದ್ದಕ್ಕೆ ದಾಖಲೆಯಲ್ಲಿಲ್ಲ ಅಂತೀನಿ. ಸುಳ್ಳು ಹೇಳಲ್ಲ."

ಅವಳು ಹ್ಞೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಶನಿವಾರ ಇಡೀ ದಿನ ಓದಿದೆ. ಪರೀಕ್ಷೆಗೆ ಕೂಡ ನಾನು ಹಾಗೆ ಓದಿದ್ದಿಲ್ಲ. ಸಂಜೆ ವಾರಿಜಾ ಮೇಡಂಗೆ ಫೋನ್ ಮಾಡಿ, ನಾಳೆ ಏನು ಮಾಡಲಿದ್ದೇನೆಂದು ತಿಳಿಸಿದೆ. ಒಪ್ಪಿಗೆ ಕೇಳಲಿಲ್ಲ.

"ನೀವು ಬಾಯಿ ಸತ್ತವರು ಅಂತ ತಿಳ್ಕೊಂಡಿದ್ದೆ ನಾನು. ಒಳಗೆ ಇಷ್ಟು ಹಠ ಉಂಟಾ?" ಎಂದರು. ಆಮೇಲೆ ಸೇರಿಸಿದರು: "ನಾನು ಕ್ಲಾಸಿನ ಹಿಂದೆ ಕೂತ್ಕೊಳ್ತೇನೆ. ಹೆಚ್ಚುಕಮ್ಮಿ ಆದ್ರೆ ನಿಲ್ಲಿಸ್ತೇನೆ. ಆಮೇಲೆ ಬೇಜಾರ್ ಮಾಡ್ಬೇಡಿ."

ಭಾನುವಾರ ಮೂರನೆಯ ಪಿರಿಯಡ್. ಆಫ್ರೀನ್ ಬಂದಿದ್ದಳು. ಕೊನೆಯ ಸಾಲಿನಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಗಳಿಗೆಯಲ್ಲೂ ಎದ್ದು ಹೋಗುವವಳ ಹಾಗೆ ಕುಳಿತಿದ್ದಳು. ನಾನು ಕುರ್ಚಿಯನ್ನು ತರಗತಿಯ ನಡುವೆ ಎಳೆದುಕೊಂಡು ಕುಳಿತೆ. ಬಾದಶಹ ಇವತ್ತು ನಾನು, ಇನ್ನು ಮುಂದೆ ಯಾವಾಗಲೂ ನಾನೇ, ಕೇಳಿ ಎಂದೆ.

ಪ್ರಣವ್ ಕೈ ಎತ್ತಿದ. "ಅಪ್ಪನನ್ನು ಯಾಕೆ ಕೂಡಿಹಾಕಿದೆ?"

"ಸಿಂಹಾಸನ ಬೇಕಾಗಿತ್ತು. ಅವನಿಗೆ ಕಾಯಿಲೆ ಬಂತು, ಅಣ್ಣತಮ್ಮಂದಿರು ನಾಲ್ವರೂ ಸೈನ್ಯ ಕಟ್ಟಿದೆವು. ನಾನು ಗೆದ್ದೆ."

ಜಹಾನಾರಾ ಪಾತ್ರದ ಹುಡುಗಿ ಎದ್ದಳು. "ಎಂಟು ವರ್ಷ ಅಪ್ಪನ ಜೊತೆ ನಾನಿದ್ದೆ. ನೀನು ಒಮ್ಮೆ ಬಂದು ನೋಡಿದೆಯಾ?"

"ಇಲ್ಲ."

ಗುಡಿ ಯಾಕೆ ಕೆಡವಿಸಿದೆ ಎಂದು ಒಬ್ಬ ಪೂಜಾರಿ ಕೇಳಿದ. ಹಾಗಾದರೆ ನನಗೆ ಸನದು ಯಾಕೆ ಕೊಟ್ಟೆ ಎಂದು ಇನ್ನೊಬ್ಬ ಪೂಜಾರಿ ಕೇಳಿದ. ಕೆಡವಿಸಿದ್ದೂ ನಿಜ, ಕೊಟ್ಟದ್ದೂ ನಿಜ ಎಂದೆ. ಎರಡನ್ನೂ ಬರೆದುಕೊಳ್ಳಿ, ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಬೇಡಿ ಎಂದೂ ಹೇಳಿದೆ. ಕೊನೆಗೆ ಏನು ಸಿಕ್ಕಿತು ಎಂದು ಮಾವುತ ಕೇಳಿದ. ನನಗಿಂತ ಮೊದಲು ನಮ್ಮ ವಂಶದಲ್ಲಿ ಯಾರೂ ಆಳದಷ್ಟು ದೊಡ್ಡ ರಾಜ್ಯ ಎಂದೆ. ದಕ್ಷಿಣಕ್ಕೆ ಬಂದವನು ಇಪ್ಪತ್ತೈದು ವರ್ಷ ಡೇರೆಯಲ್ಲೇ ಕಳೆದೆ, ದೆಹಲಿಗೆ ಮರಳಲಿಲ್ಲ, ತೊಂಬತ್ತರ ಹತ್ತಿರ ಅಹಮದ್‌ನಗರದಲ್ಲಿ ಸತ್ತೆ, ಮರಾಠರು ಸೋಲಲಿಲ್ಲ, ನನ್ನ ಮಕ್ಕಳು ನನ್ನ ಹಾಗೆಯೇ ಸಿಂಹಾಸನಕ್ಕೆ ಹೊಡೆದಾಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಗ ಆಫ್ರೀನ್ ಎದ್ದಳು. ಬ್ಯಾಗನ್ನು ಕೆಳಗಿಟ್ಟಳು.

"ನಾನು ಪಟ್ಟಿಯಲ್ಲಿಲ್ಲ. ಬಿಜಾಪುರದ ಕೋಟೆಯ ಒಳಗೆ ನೀರು ಹೊರುವವಳು. ನೀವು ಹೊರಗಿದ್ದಿರಿ. ಒಳಗೆ ಎಷ್ಟು ಜನ ಹಸಿವಿನಿಂದ ಸತ್ತೆವು, ನಿಮಗೆ ಗೊತ್ತಾ?"

ಶನಿವಾರ ಓದಿದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ನಿಮ್ಮ ಲೆಕ್ಕ ನನ್ನ ದಾಖಲೆಯಲ್ಲಿಲ್ಲ" ಎಂದೆ.

"ನಿಮ್ಮ ಕಡೆಯವರದು?"

"ಅವರಲ್ಲಿ ಕೆಲವರ ಹೆಸರೂ ಇದೆ."

ಅವಳು ಪ್ರಣವನ ಕಡೆ ತಿರುಗಿದಳು. "ನಮ್ಮ ಮನೆಯವರು ಒಳಗಿದ್ದವರು. ಇವರು ಹೊರಗೆ." ನನ್ನ ಕಡೆ ಬೆರಳು ತೋರಿಸಿದಳು. "ಈಗ ಗೊತ್ತಾಯ್ತಾ?"

ಪ್ರಣವನ ಕಿವಿ ಕೆಂಪಾಗಿತ್ತು. "ನಂಗೊತ್ತಿರ್ಲಿಲ್ಲ" ಎಂದ. ಆಮೇಲೆ ಎದ್ದು ನಿಂತು "ಸಾರಿ ಆಫ್ರೀನ್" ಎಂದ. ಬಸ್ಸಿನ ಇನ್ನೂ ಮೂವರು ಅವನ ಹಿಂದೆ ಎದ್ದರು.

ಅವಳು ಕೂರಲಿಲ್ಲ. "ಇನ್ನೊಂದು ಪ್ರಶ್ನೆ. ಬಾದಶಹನಿಗಲ್ಲ, ಮ್ಯಾಮ್‌ಗೆ. ನೀವು ನಂಬರು ಯಾಕೆ ನೋಡಿದ್ರಿ? ನನ್ನನ್ನ ಯಾಕೆ ನೋಡಲಿಲ್ಲ?"

ಹಿಂದೆ ಕುಳಿತ ವಾರಿಜಾ ಮೇಡಂ ಅರ್ಧ ಎದ್ದದ್ದು ಕಾಣಿಸಿತು. ಬೇಡ ಎಂದು ಅವರಿಗೆ ಕಣ್ಣಿನಲ್ಲೇ ಹೇಳಿದೆ. ಕುರ್ಚಿಯಿಂದ ಎದ್ದೆ.

"ನಂಬರು ನೋಡಿದರೆ ನನಗೆ ಯಾರೂ ತಪ್ಪು ಹೊರಿಸುವುದಿಲ್ಲ ಎಂದುಕೊಂಡಿದ್ದೆ. ನನ್ನನ್ನು ಕಾಪಾಡಿಕೊಂಡೆ. ನಿನ್ನನ್ನು ನೋಡಲಿಲ್ಲ. ತಪ್ಪು ನನ್ನದು."

"ಅದು ದಾಖಲೆಯಲ್ಲಿದೆಯಾ?"

ಕೆಲವು ಮಕ್ಕಳು ನಕ್ಕರು. ಅವಳು ನಗಲಿಲ್ಲ, ಕಾಯುತ್ತಿದ್ದಳು. ನಾನು ಬೋರ್ಡಿನ ಕಡೆ ಹೋಗಿ, ಪಾಠದ ಹೆಸರಿನ ಕೆಳಗೆ, ಪಾತ್ರ ಹಂಚಿದ್ದರಲ್ಲಿ ಶಿಕ್ಷಕಿಯ ತಪ್ಪಾಗಿದೆ ಎಂದು ಬರೆದು ದಿನಾಂಕ ಹಾಕಿದೆ. ಮೂವತ್ತೆಂಟು ಮಕ್ಕಳು ಅದನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು. ಆ ವಾರ ವಾರಿಜಾ ಮೇಡಂ ಆ ಪುಸ್ತಕಗಳನ್ನು ಪರಿಶೀಲಿಸಿದರು. ಆ ಸಾಲಿನ ಪಕ್ಕದಲ್ಲೂ ಕೆಂಪು ಸಹಿ ಹಾಕಿದ್ದರು. ಒಂದು ಪುಸ್ತಕವೂ ವಾಪಸು ಬರಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನನ್ನಲ್ಲಿರುವ ಬುದ್ಧಿವಾದ ಇಷ್ಟೇ. ಆ ಪಾಠವನ್ನು ಬಿಡಬೇಡಿ, ಹಾಳೆ ಕೊಟ್ಟು ಮುಗಿಸಬೇಡಿ. ಜಗಳಕ್ಕೆ ಬರುವವರು ಬರಲಿ, ಕುರ್ಚಿ ಹಾಕಿ ಕೂರಿಸಿ ಮಾತನಾಡಿ. ಆಳಿದವನ ಪಾತ್ರವನ್ನು ಮಾತ್ರ ಯಾವ ಮಗುವಿನ ಮೇಲೂ ಹೊರಿಸಬೇಡಿ. ಅದು ಸಂಬಳ ತೆಗೆದುಕೊಳ್ಳುವವರ ಕೆಲಸ. ಪಟ್ಟಿಗೆ ಕೋಟೆಯ ಒಳಗಿನವರನ್ನು ಸೇರಿಸಿ. ಪಟ್ಟಿ ಓದುವಾಗ ಯಾವ ಮಗುವಾದರೂ ತಲೆ ಎತ್ತಿ ನಿಮ್ಮನ್ನು ನೋಡಿದರೆ, ಮುಂದಿನ ಹೆಸರಿಗೆ ಹೋಗಬೇಡಿ.

ಆ ಭಾನುವಾರ ಬೆಲ್ ಆದ ಮೇಲೆ ಎಲ್ಲರೂ ಹೊರಟರು. ಆಫ್ರೀನ್ ನನ್ನ ಮೇಜಿನ ಬಳಿ ಬಂದು ನಿಂತಳು.

"ಮ್ಯಾಮ್, ನನ್ನ ಟಿ.ಸಿ. ಫಾರ್ಮ್ ಎಲ್ಲಿದೆ?"

"ಡ್ರಾಯರಿನಲ್ಲಿದೆ."

"ಸೈನ್ ಮಾಡಿದ್ದೀರಾ?"

"ಇಲ್ಲ."

ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿದಳು. ಆವರೆಗೆ ನನ್ನೊಂದಿಗೆ ಅವಳು ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಿರಲಿಲ್ಲ.

"ಮಾಡಬ್ಯಾಡ್ರಿ" ಎಂದಳು.